ಆರ್ಥರ್ ರಾಜನ ಟ್ಯಾರೋ ಕಟ್ಟು: ಇಟ್ಟುಕೊಳ್ಳಬೇಕೇ, ಕೊಟ್ಟುಬಿಡಬೇಕೇ?

ಟ್ಯಾರೋ ಕಲಿಯಲು ಶುರುಮಾಡಿದವರ ಮನೆಯಲ್ಲಿ ಬೇಗನೆ ಕಾರ್ಡಿನ ಎರಡು ಕಟ್ಟುಗಳಾಗುತ್ತವೆ. ಒಂದರ ಮೂಲೆಗಳು ಸವೆದಿರುತ್ತವೆ. ಅದು ದಿನವೂ ಕೈಗೆ ಬರುವಂಥದ್ದು. ಇನ್ನೊಂದು ಚಿತ್ರಗಳಿಗೆ ಮನಸೋತು, ಬೆಲೆ ಜಾಸ್ತಿಯಾದರೂ ತರಿಸಿಕೊಂಡದ್ದು. ಅದು ಡಬ್ಬಿಯಿಂದ ಹೊರಬರುವುದೇ ಅಪರೂಪ. ಈ ಎರಡನೆಯದು ಎಷ್ಟೋ ಸಲ ಹಳೆಯ ಕಥೆಯೊಂದರ ಸುತ್ತ ಹೆಣೆದದ್ದಾಗಿರುತ್ತದೆ: ಆರ್ಥರ್ ರಾಜ ಮತ್ತವನ ಸರದಾರರು (ನೈಟ್‌ಗಳು), ಇಲ್ಲವೇ ಗ್ರೀಕ್ ದೇವತೆಗಳು. ನೋಡುತ್ತ ಕೂತರೆ ಕಣ್ಣು ತುಂಬುತ್ತದೆ, ಪ್ರಶ್ನೆ ಇಟ್ಟುಕೊಂಡು ಹರಡಿದರೆ ಮಾತೇ ಹೊರಡುವುದಿಲ್ಲ. ಇಟ್ಟುಕೊಂಡರೆ ಧೂಳು ಹಿಡಿಯುತ್ತದೆ, ಕೊಡೋಣವೆಂದರೆ ಮನಸ್ಸು ಬರುವುದಿಲ್ಲ.

ನಿಮ್ಮ ಮನೆಯಲ್ಲೂ ಅಂಥದ್ದೊಂದು ಕಟ್ಟು ಇದ್ದರೆ ಈ ಲೇಖನ ನಿಮಗಾಗಿ. ಟ್ಯಾರೋ ನಿಜವೋ ಸುಳ್ಳೋ ಎಂಬ ಚರ್ಚೆ ಇಲ್ಲಿಲ್ಲ. ನೀವು ಅದನ್ನು ಭವಿಷ್ಯ ಕೇಳಲು ಬಳಸುತ್ತಿರಬಹುದು, ನಿಮ್ಮ ಮನಸ್ಸನ್ನೇ ವಿಚಾರಿಸಿಕೊಳ್ಳಲು ಬಳಸುತ್ತಿರಬಹುದು, ಕಥೆ ಬರೆಯುವವರಾದರೆ ಎಳೆ ಹುಡುಕಲು ಬಳಸುತ್ತಿರಬಹುದು. ಯಾವುದಕ್ಕಾದರೂ ಸರಿ, ಕಟ್ಟು ನಿಮ್ಮ ಬಾಯಿಂದ ಮಾತು ಹೊರಡಿಸಬೇಕು. ಇಟ್ಟುಕೊಳ್ಳುವ, ಕೊಡುವ ತೀರ್ಮಾನಕ್ಕೆ ಅದೇ ಅಳತೆಗೋಲು.

ಸ್ವಲ್ಪ ಹಿನ್ನೆಲೆ

ಟ್ಯಾರೋ ಹುಟ್ಟಿದ್ದು 15ನೇ ಶತಮಾನದ ಉತ್ತರ ಇಟಲಿಯಲ್ಲಿ, ಇಸ್ಪೀಟಿನಂಥ ಆಟವಾಗಿ. ಅದಕ್ಕೆ ಗೂಢಾರ್ಥ ಹಚ್ಚಿ ಭವಿಷ್ಯಕ್ಕೆ ಬಳಸುವುದು ಜೋರಾದದ್ದು 18ನೇ ಶತಮಾನದ ಕೊನೆಯ ಹೊತ್ತಿಗೆ, ಫ್ರಾನ್ಸಿನಲ್ಲಿ. ಕಟ್ಟಿನಲ್ಲಿ 78 ಕಾರ್ಡು: 22 ಹಿರಿಯ ಕಾರ್ಡು, 56 ಕಿರಿಯ ಕಾರ್ಡು. ಕಿರಿಯವು ನಾಲ್ಕು ಬಣ್ಣಗಳಲ್ಲಿರುತ್ತವೆ: ಕೋಲು, ಬಟ್ಟಲು, ಕತ್ತಿ, ನಾಣ್ಯ. ಒಂದೊಂದು ಬಣ್ಣಕ್ಕೂ ಹತ್ತು ಸಂಖ್ಯೆಯ ಕಾರ್ಡು, ನಾಲ್ಕು ಆಸ್ಥಾನದ ಕಾರ್ಡು.

1909ರಲ್ಲಿ ಲಂಡನ್ನಿನ ರೈಡರ್ ಪ್ರಕಾಶನ ಹೊರತಂದ ಕಟ್ಟಿಗೆ ಎ. ಇ. ವೇಟ್ ಯೋಜನೆ ಹಾಕಿಕೊಟ್ಟರು, ಪಮೆಲಾ ಕೋಲ್ಮನ್ ಸ್ಮಿತ್ ಚಿತ್ರ ಬರೆದರು. ಸಂಖ್ಯೆಯ ಕಾರ್ಡುಗಳಿಗೂ ಮನುಷ್ಯರಿರುವ ದೃಶ್ಯಗಳನ್ನು ಸ್ಮಿತ್ ಬರೆದದ್ದರಿಂದ ಕಲಿಯುವವರಿಗೆ ಅದು ಸುಲಭವಾಯಿತು. ಇವತ್ತಿನ ಹೆಚ್ಚಿನ ಪುಸ್ತಕ, ತರಗತಿಗಳು ಪಾಠ ಹೇಳುವುದು ಅದನ್ನೇ ಇಟ್ಟುಕೊಂಡು.

ಆರ್ಥರ್ ಕಥೆಯ ಕಟ್ಟುಗಳಲ್ಲಿ ಎರಡು ಬಹಳ ಹೆಸರಾದವು. 1990ರಲ್ಲಿ ಬಂದ ‘ದಿ ಆರ್ಥೂರಿಯನ್ ಟ್ಯಾರೋ’ ಕೇಟ್ಲಿನ್ ಮತ್ತು ಜಾನ್ ಮ್ಯಾಥ್ಯೂಸ್ ದಂಪತಿಯದು. ಚಿತ್ರ ಮಿರಾಂಡಾ ಗ್ರೇ ಅವರದು. 1995ರ ‘ಲೆಜೆಂಡ್: ದಿ ಆರ್ಥೂರಿಯನ್ ಟ್ಯಾರೋ’ ಕಟ್ಟಿಗೆ ಜಲವರ್ಣದ ಚಿತ್ರಗಳನ್ನೂ ಜೊತೆಯ ಪುಸ್ತಕವನ್ನೂ ಆನಾ-ಮರೀ ಫರ್ಗ್ಯುಸನ್ ಒಬ್ಬರೇ ಮಾಡಿದರು. ಮುಂದಿನ ಉದಾಹರಣೆಗಳು ಹೆಚ್ಚಾಗಿ ಈ ಎರಡರಿಂದಲೇ.

ಒಬ್ಬರಿಗೆ ಒಗ್ಗುವುದು ಇನ್ನೊಬ್ಬರಿಗೆ ಏಕೆ ಒಗ್ಗದು?

ನಮ್ಮ ಹಳೆಯ ಎಲೆಯಾಟ ಗಂಜೀಫಾದಲ್ಲೂ ಪುರಾಣವಿದೆ. ಮೈಸೂರಿನಲ್ಲಿ ಬರೆಯುವ ದಶಾವತಾರ ಗಂಜೀಫಾದಲ್ಲಿ ಅವತಾರಕ್ಕೆ 12ರಂತೆ 120 ಎಲೆಗಳು. ಆದರೆ ವಾಮನನ ಎಲೆ ಇಳಿಸಲು ಬಲಿಚಕ್ರವರ್ತಿಯ ಕಥೆ ಗೊತ್ತಿರಬೇಕೆಂದಿಲ್ಲ. ಯಾವ ಎಲೆ ಯಾವುದನ್ನು ಹೊಡೆಯುತ್ತದೆ ಎಂದು ಗೊತ್ತಿದ್ದರೆ ಆಟ ನಡೆಯುತ್ತದೆ. ಟ್ಯಾರೋದಲ್ಲಿ ಹಾಗಲ್ಲ. ಅಲ್ಲಿ ಚಿತ್ರವನ್ನು ನೋಡಿಯೇ ಮಾತಾಡಬೇಕು.

ಸಾಮಾನ್ಯ ಕಟ್ಟಿನ ಕಾರ್ಡಿಗೆ ಟ್ಯಾರೋ ಸಂಪ್ರದಾಯ ಕೊಟ್ಟ ಅರ್ಥವೊಂದೇ. ಕಥೆಯ ಕಟ್ಟಿನಲ್ಲಿ ಅದರ ಜೊತೆಗೆ ಪಾತ್ರ ತನ್ನ ಕಥೆಯಿಂದ ಹೊತ್ತು ತಂದ ಅರ್ಥವೂ ಸೇರುತ್ತದೆ. ಇವೆರಡೂ ಕೂಡಿದರೆ ಕಾರ್ಡು ತಾನಾಗಿ ಮಾತಾಡುತ್ತದೆ, ಜಗ್ಗಾಡಿದರೆ ಓದುವವರು ತಡವರಿಸುತ್ತಾರೆ. ಟಿ. ಎಸ್. ಎಲಿಯಟ್ 1922ರ ‘ದಿ ವೇಸ್ಟ್ ಲ್ಯಾಂಡ್’ ಕವಿತೆಯಲ್ಲಿ ಟ್ಯಾರೋ ಮತ್ತು ಗ್ರೇಲ್ ಕಥೆ (ಆರ್ಥರನ ಸರದಾರರು ಹುಡುಕಿ ಹೊರಟ ಪವಿತ್ರ ಬಟ್ಟಲಿನ ಕಥೆ) ಎರಡನ್ನೂ ತಂದ. ಮೂರು ಕೋಲಿನ ಮನುಷ್ಯನ ಕಾರ್ಡನ್ನು ಗ್ರೇಲ್ ಕಥೆಯ ‘ಮೀನುಗಾರ ರಾಜ’ನಿಗೆ ಜೋಡಿಸಿದ್ದು ಕೇವಲ ತನ್ನಿಚ್ಛೆಯಂತೆ ಎಂದು ಟಿಪ್ಪಣಿಯಲ್ಲಿ ಅವನೇ ಹೇಳಿಕೊಂಡಿದ್ದಾನೆ. ಕಟ್ಟು ಮಾಡುವವರೂ ಹೀಗೆಯೇ ತಮ್ಮ ತಿಳಿವಿನಂತೆ ಜೋಡಿಸುತ್ತಾರೆ. ಆ ಜೋಡಣೆ ನಿಮಗೆ ಒಪ್ಪಿತೇ ಎಂಬುದೇ ಪ್ರಶ್ನೆ.

ಚೆನ್ನಾಗಿ ಕೂಡಿದ ಒಂದು ಕಾರ್ಡನ್ನು ಹತ್ತಿರದಿಂದ ನೋಡೋಣ: 16ನೆಯದು, ಗೋಪುರ. ವೇಟ್–ಸ್ಮಿತ್ ಕಟ್ಟಿನಲ್ಲಿ ಅದು ಸಿಡಿಲು ಬಡಿದ ಗೋಪುರ. ಇಬ್ಬರು ತಲೆಕೆಳಗಾಗಿ ಬೀಳುತ್ತಿದ್ದಾರೆ. ಫರ್ಗ್ಯುಸನ್ ಅಲ್ಲಿ ವೋರ್ಟಿಗರ್ನ್ ರಾಜನ ಕೋಟೆಯನ್ನು ತಂದಿದ್ದಾರೆ. 12ನೇ ಶತಮಾನದಲ್ಲಿ ಮಾನ್‌ಮತ್‌ನ ಜೆಫ್ರಿ ಬರೆದಂತೆ, ಆ ಕೋಟೆಗೆ ಹಗಲು ಎಷ್ಟು ಕಟ್ಟಿದರೂ ಅಷ್ಟೂ ನೆಲ ನುಂಗಿಬಿಡುತ್ತಿತ್ತು. ತಂದೆಯಿಲ್ಲದ ಹುಡುಗನನ್ನು ಕೊಂದು ಅವನ ರಕ್ತವನ್ನು ಅಡಿಪಾಯಕ್ಕೆ ಚೆಲ್ಲಬೇಕು ಎಂದರು ಆಸ್ಥಾನದ ಮಂತ್ರವಾದಿಗಳು. ಹುಡುಕಿ ತಂದ ಹುಡುಗನೇ ಆರ್ಥರ್ ಕಥೆಯ ಮಾಂತ್ರಿಕ ಮರ್ಲಿನ್. ಗೋಡೆಯ ಮಾತು ಬಿಟ್ಟು ನೆಲ ಅಗೆಸು ಎಂದ ಅವನು. ಅಗೆದರೆ ಕೆಳಗೆ ಕೊಳ, ಕೊಳದ ತಳದಲ್ಲಿ ಎರಡು ಡ್ರ್ಯಾಗನ್, ಒಂದು ಕೆಂಪು, ಒಂದು ಬಿಳಿ.

‘ಕೆರೆಗೆ ಹಾರ’ ಗೊತ್ತಿರುವ ಕನ್ನಡಿಗರಿಗೆ ಈ ಕಾರ್ಡು ತಟ್ಟನೆ ಹಿಡಿಯುತ್ತದೆ. ಅಲ್ಲಿ ಕೆರೆಗೆ ನೀರು ಬರಲಿಲ್ಲವೆಂದು ಭಾಗೀರಥಿ ಬಲಿಯಾದಳು. ಇಲ್ಲಿ ಕಾರಣ ಕೇಳಿದ್ದರಿಂದ ಹುಡುಗ ಬದುಕಿಕೊಂಡ. ಎಷ್ಟು ಕಡೆ ಕೆಲಸ ಬದಲಿಸಿದರೂ ಮೇಲಿನವರ ಜೊತೆ ಅದೇ ಜಗಳವಾಗುತ್ತದೆ ಎಂದು ಒಬ್ಬರು ಕೇಳಿದಾಗ ಈ ಕಾರ್ಡು ಬಂತೆನ್ನಿ. ಸಿಡಿಲಿನ ಗೋಪುರ ನೋಡಿದವರು ಇನ್ನೊಂದು ಆಘಾತ ಕಾದಿದೆ ಎನ್ನಬಹುದು. ವೋರ್ಟಿಗರ್ನ್‌ನ ಕೋಟೆ ನೋಡಿದವರು, ಗೋಡೆ ಮತ್ತೆ ಕಟ್ಟುವ ಮೊದಲು ಕೆಳಗೇನಿದೆ ನೋಡಿದ್ದೀರಾ ಎಂದು ಕೇಳುತ್ತಾರೆ. ಕಥೆ ಇಲ್ಲಿ ಕಾರ್ಡಿನ ಅರ್ಥವನ್ನು ಕೆಡಿಸದೆ ಬೆಳೆಸಿತು.

ಮ್ಯಾಥ್ಯೂಸ್ ಕಟ್ಟಿನಲ್ಲಿ ‘ನೇತಾಡುವ ಮನುಷ್ಯ’ನ ಜಾಗದಲ್ಲಿ ಗಾಯಗೊಂಡ ರಾಜ ಬಂದಿರುವುದೂ ಹೀಗೆಯೇ. ಗ್ರೇಲ್ ಕಥೆಯಲ್ಲಿ ಅವನ ಗಾಯ ಮಾಯುವುದಿಲ್ಲ, ಅವನು ಸಾಯುವುದೂ ಇಲ್ಲ. ಯಾರಾದರೂ ಬಂದು ಸರಿಯಾದ ಪ್ರಶ್ನೆ ಕೇಳುವವರೆಗೆ ಕಾಯಬೇಕು. ಕಾಯುವಿಕೆಯ ಕಾರ್ಡಿಗೆ ಇದಕ್ಕಿಂತ ಒಪ್ಪುವ ಪಾತ್ರ ಸಿಗುವುದು ಕಷ್ಟ.

ಇನ್ನು ಜಗ್ಗಾಟ. ಅದೇ ಕಟ್ಟಿನಲ್ಲಿ ಸಾಮ್ರಾಜ್ಞಿಯ ಕಾರ್ಡು ಗ್ವಿನಿವಿಯರ್ ರಾಣಿಯದು. ಸಾಮ್ರಾಜ್ಞಿ ಎಂದರೆ ತಾಯ್ತನ, ಫಲವಂತಿಕೆ, ಸಮೃದ್ಧಿ ಎನ್ನುತ್ತದೆ ಟ್ಯಾರೋ. ಆದರೆ 1485ರಲ್ಲಿ ಅಚ್ಚಾದ ಥಾಮಸ್ ಮ್ಯಾಲರಿಯ ಕಥೆಯನ್ನು ಓದಿದವರಿಗೆ ಗ್ವಿನಿವಿಯರ್ ಎಂದರೆ ಮಕ್ಕಳಿಲ್ಲದ ರಾಣಿ, ಆರ್ಥರನ ಸರದಾರ ಲ್ಯಾನ್ಸ್‌ಲಟ್‌ನನ್ನು ಪ್ರೀತಿಸಿದವಳು, ಕೊನೆಗೆ ಮಠ ಸೇರಿದವಳು. ಮ್ಯಾಥ್ಯೂಸ್ ದಂಪತಿ ತಮ್ಮ ಪುಸ್ತಕದಲ್ಲಿ ಈ ಆಯ್ಕೆಗೆ ವಿವರಣೆ ಕೊಡುತ್ತಾರೆ, ಸರಿಯೇ. ಆದರೂ ಕಾರ್ಡು ಕಂಡೊಡನೆ ನಿಮ್ಮ ತಲೆಗೆ ಬರುವುದು ಯಾವುದು?

‘ಸೈತಾನ’ನ ಜಾಗಕ್ಕೆ ಬಂದ ಹಸಿರು ನೈಟ್‌ನದೂ ಅದೇ ಕಥೆ. 14ನೇ ಶತಮಾನದ ಇಂಗ್ಲಿಷ್ ಕಾವ್ಯದಲ್ಲಿ ಅವನು ಹೊಸ ವರ್ಷದ ಔತಣಕ್ಕೆ ನುಗ್ಗಿ, ನನ್ನ ತಲೆ ಕಡಿಯಿರಿ, ವರ್ಷದ ಮೇಲೆ ಅದೇ ಏಟನ್ನು ನನ್ನಿಂದ ತಿನ್ನಿರಿ ಎಂದು ಸವಾಲು ಹಾಕುತ್ತಾನೆ. ಸವಾಲು ಒಪ್ಪಿ, ಮಾತು ಉಳಿಸಿಕೊಳ್ಳಲು ಬಂದ ಸರದಾರ ಗವೇನ್‌ನ ಕುತ್ತಿಗೆಗೆ ಕೊನೆಯಲ್ಲಿ ಬರೀ ಗೀರು ಮಾಡಿ ಬಿಡುತ್ತಾನೆ. ಅವನು ಪರೀಕ್ಷಿಸುವವನು, ಬಂಧಿಸಿಡುವವನಲ್ಲ. ವೇಟ್ ಕಟ್ಟಿನ ಸರಪಳಿಯ ಸೈತಾನನನ್ನು ಕಲಿತವರಿಗೆ ಇಲ್ಲಿ ಕಾಲು ಜಾರುತ್ತದೆ. ಇದರಲ್ಲಿ ಕಟ್ಟಿನ ತಪ್ಪೂ ಇಲ್ಲ, ನಿಮ್ಮ ತಪ್ಪೂ ಇಲ್ಲ. ಇಬ್ಬರ ದಾರಿ ಬೇರೆ, ಅಷ್ಟೇ.

ಜನ ಇಟ್ಟುಕೊಳ್ಳುವುದು ಏಕೆ?

1. ಕಥೆ ಮೊದಲೇ ಗೊತ್ತಿದೆ. ಚಿಕ್ಕಂದಿನಲ್ಲಿ ಆರ್ಥರನ ಕಥೆ ಓದಿದವರಿಗೆ, ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಅರ್ಧ ಕೆಲಸ ಮುಗಿದಂತೆಯೇ. ಫರ್ಗ್ಯುಸನ್ ಕಟ್ಟಿನಲ್ಲಿ ‘ಮೂರ್ಖ’ನ ಕಾರ್ಡು ಪರ್ಸಿವಲ್‌ನದು. ಕಾಡಿನಲ್ಲಿ ಬೆಳೆದ ಆ ಹುಡುಗ ಮೊದಲ ಸಲ ನೈಟ್‌ಗಳನ್ನು ಕಂಡಾಗ ದೇವದೂತರೆಂದುಕೊಂಡ. ಇಷ್ಟು ಗೊತ್ತಿದ್ದವರಿಗೆ ಆ ಕಾರ್ಡಿಗೆ ಬೇರೆ ಟಿಪ್ಪಣಿ ಬೇಡ.

2. ನೆನಪಿನಲ್ಲಿ ಉಳಿಯುತ್ತದೆ. ಗ್ರೀಕ್ ಪುರಾಣದ ಮೇಲೆ 1986ರಲ್ಲಿ ಬಂದ ‘ದಿ ಮಿಥಿಕ್ ಟ್ಯಾರೋ’ ಕಟ್ಟಿನಲ್ಲಿ ಒಂದೊಂದು ಬಣ್ಣಕ್ಕೂ ಒಂದು ಕಥೆ: ಬಟ್ಟಲಿಗೆ ಈರೋಸ್ ಮತ್ತು ಸೈಕಿ, ಕೋಲಿಗೆ ಜೇಸನ್, ಕತ್ತಿಗೆ ಒರೆಸ್ಟಿಸ್, ನಾಣ್ಯಕ್ಕೆ ಡೆಡಲಸ್. ಬಿಡಿ ಬಿಡಿಯಾಗಿ ಉರುಹೊಡೆಯಲು ಬೇಸರವಾದವರಿಗೆ ಇಲ್ಲಿ ಹಗ್ಗದ ಒಂದು ತುದಿ ಸಿಕ್ಕರೆ ಉಳಿದದ್ದು ತಾನಾಗಿ ಬರುತ್ತದೆ.

3. ಜೊತೆಯ ಪುಸ್ತಕ. ಫರ್ಗ್ಯುಸನ್ ಅವರ ‘ಎ ಕೀಪರ್ ಆಫ್ ವರ್ಡ್ಸ್’ ಪುಸ್ತಕಕ್ಕಾಗಿಯೇ ಕಟ್ಟನ್ನು ಬಿಡದವರಿದ್ದಾರೆ. ಕಾರ್ಡು ತೆಗೆಯದೆಯೂ ಅದನ್ನು ಕಥೆಪುಸ್ತಕದಂತೆ ಓದಬಹುದು.

4. ಚಿತ್ರಕ್ಕಾಗಿ. ಗಂಜೀಫಾ ಆಡಲು ಬಾರದವರೂ ಅದರ ಎಲೆಗಳನ್ನು ಚಿತ್ರವೆಂದು ಕೊಳ್ಳುವುದುಂಟು. ಟ್ಯಾರೋ ಕಟ್ಟನ್ನೂ ಹಾಗೆ ಇಟ್ಟುಕೊಂಡರೆ ತಪ್ಪೇನಿಲ್ಲ. ಆದರೆ ಅದನ್ನು ಓದಲು ಆಗುತ್ತಿಲ್ಲವೆಂದು ಆಮೇಲೆ ಕೊರಗಬಾರದು.

5. ಕೊಟ್ಟವರ ನೆನಪು. ಇದಕ್ಕೆ ಬೇರೆ ಸಮರ್ಥನೆ ಬೇಕಿಲ್ಲ.

ಕೈಬಿಡುವುದು ಏಕೆ?

1. ಕಾರ್ಡಿನಿಂದ ಪಾತ್ರಕ್ಕೆ, ಪಾತ್ರದಿಂದ ಕಥೆಗೆ, ಕಥೆಯಿಂದ ಅರ್ಥಕ್ಕೆ ಹೋಗುವಷ್ಟರಲ್ಲಿ ಕೇಳಿದ ಪ್ರಶ್ನೆಯೇ ಮರೆತಿರುತ್ತದೆ.

2. ಹೆಸರುಗಳು ಬದಲಾಗಿವೆ. ಫರ್ಗ್ಯುಸನ್ ಕಟ್ಟಿನಲ್ಲಿ ಕೋಲಿನ ಬದಲು ಈಟಿ, ನಾಣ್ಯದ ಬದಲು ಗುರಾಣಿ. ಮ್ಯಾಥ್ಯೂಸ್ ಕಟ್ಟಿನಲ್ಲಿ ಬಟ್ಟಲಿಗೆ ಗ್ರೇಲ್, ನಾಣ್ಯಕ್ಕೆ ಕಲ್ಲು. ಹಿರಿಯ ಕಾರ್ಡುಗಳ ಹೆಸರೂ ಬಹಳಷ್ಟು ಬೇರೆ. ಅಲ್ಲಿ ರಥದ ಜಾಗಕ್ಕೆ ಬಂದಿರುವುದು ಪ್ರಿಡ್ವೆನ್ ಎಂಬ ಆರ್ಥರನ ಹಡಗು. ಗುರಾಣಿ ಎಂದರೆ ರಕ್ಷಣೆ ಎನ್ನಿಸುತ್ತದೆಯೇ ಹೊರತು ದುಡ್ಡು, ದುಡಿಮೆ ನೆನಪಾಗುವುದಿಲ್ಲ ಎಂಬುದು ಹಲವರ ತಕರಾರು.

3. ಸಂಖ್ಯೆಯ ಕಾರ್ಡುಗಳಲ್ಲಿ ಮನುಷ್ಯರು ಕಾಣುವುದಿಲ್ಲ. ಮಿರಾಂಡಾ ಗ್ರೇ ಮ್ಯಾಥ್ಯೂಸ್ ಕಟ್ಟಿನಲ್ಲಿ ಬರೆದದ್ದು ಹೆಚ್ಚಾಗಿ ಭೂದೃಶ್ಯಗಳನ್ನು. ಬೆಟ್ಟ, ನೀರು, ಆಕಾಶ ನೋಡಿ ಮಾತಾಡಬಲ್ಲವರಿಗೆ ಅದು ವರ. ಮುಖಭಾವ ನೋಡಿ ಓದುವವರಿಗೆ ಗೋಡೆ.

4. ಆಸ್ಥಾನದ ಕಾರ್ಡುಗಳಿಗೆ ಹೆಸರಾಂತ ಪಾತ್ರಗಳು ಬಂದಾಗ ಅರ್ಥ ಇಕ್ಕಟ್ಟಾಗುತ್ತದೆ. ‘ಕತ್ತಿಯ ರಾಣಿ’ ಅತ್ತೆಯಾಗಬಹುದು, ಮೇಲಧಿಕಾರಿಯಾಗಬಹುದು, ನೀವೇ ಆಗಬಹುದು. ಅವಳಿಗೊಂದು ಹೆಸರು, ಚರಿತ್ರೆ ಬಂದುಬಿಟ್ಟರೆ ಆ ಸಲೀಸು ಹೋಗುತ್ತದೆ.

5. ಎದುರು ಕೂತವರಿಗೆ ಕಥೆ ಗೊತ್ತಿಲ್ಲ. ಪ್ರಶ್ನೆ ಕೇಳಲು ಬಂದ ಅತ್ತಿಗೆಗೆ ಮೊದಲು ಆರ್ಥರನ ಆಸ್ಥಾನ ಕ್ಯಾಮೆಲಾಟ್‌ನ ಪರಿಚಯ ಮಾಡಿಸಬೇಕಾದರೆ ಅರ್ಧ ಗಂಟೆ ಅದಕ್ಕೇ ಹೋಯಿತು.

6. ಕಥೆಯೇ ಹಿಡಿಸುವುದಿಲ್ಲ. ಯುದ್ಧ, ದ್ರೋಹ, ಮೋಹಿನಿಯಾಗಿಯೋ ಬಹುಮಾನವಾಗಿಯೋ ಬರುವ ಹೆಂಗಸರು, ಕ್ಯಾಮ್ಲನ್ ಕಾಳಗದಲ್ಲಿ ಎಲ್ಲ ಮುಗಿಯುವ ಕೊನೆ. ದಿನವೂ ಬೆಳಗ್ಗೆ ಇದನ್ನು ಎದುರಿಗಿಟ್ಟುಕೊಳ್ಳುವುದು ಎಲ್ಲರಿಗೂ ಆಗಿಬರುವುದಿಲ್ಲ.

7. ಕೈಗೆ ಕೂರುವುದಿಲ್ಲ. ಸಾಮಾನ್ಯ ಟ್ಯಾರೋ ಕಾರ್ಡು ಸುಮಾರು 7 ಸೆಂ.ಮೀ. ಅಗಲ, 12 ಸೆಂ.ಮೀ. ಉದ್ದ, ಇಸ್ಪೀಟಿನ ಎಲೆ ಅದಕ್ಕಿಂತ ಚಿಕ್ಕದು. ಟ್ಯಾರೋ ಕಾರ್ಡು ಇನ್ನೂ ದೊಡ್ಡದಾದರೆ, ದಪ್ಪವಾದರೆ, ಜಾರಿದರೆ ಕಲಸುವುದೇ ಕಷ್ಟ. ಇದನ್ನು ಕ್ಷುಲ್ಲಕ ಕಾರಣವೆಂದು ತಳ್ಳಿಹಾಕಬೇಡಿ. ಕಲಸಲಾಗದ ಕಟ್ಟನ್ನು ಯಾರೂ ದಿನವೂ ತೆಗೆಯುವುದಿಲ್ಲ.

ತೀರ್ಮಾನಕ್ಕೆ ಏಳು ಹೆಜ್ಜೆ

1. ಮೊದಲು ಎಣಿಸಿ. ಮೇಜಿನ ಮೇಲೆ ಬಟ್ಟೆ ಹಾಸಿ, ಹಿರಿಯ ಕಾರ್ಡು, ನಾಲ್ಕು ಬಣ್ಣ ಬೇರೆ ಮಾಡಿ. 22 ಮತ್ತು ನಾಲ್ಕು ಹದಿನಾಲ್ಕು ಸರಿಹೋದರೆ ಮುಂದುವರಿಯಿರಿ. ಒಂದು ಕಡಿಮೆಯಿದ್ದರೆ ಡಬ್ಬಿಯ ಮಡಿಕೆಯಲ್ಲಿ, ಪುಸ್ತಕದ ಹಾಳೆಗಳ ನಡುವೆ ಹುಡುಕಿ.

2. ಹಿರಿಯ 22 ಕಾರ್ಡುಗಳನ್ನು ಮೂರು ಗುಡ್ಡೆ ಮಾಡಿ. ಒಂದೊಂದನ್ನೂ ಎತ್ತಿ, ಈ ಪಾತ್ರ ಈ ಕಾರ್ಡಿಗೆ ಏಕೆ ಬಂತು ಎಂದು ಬಾಯಿಬಿಟ್ಟು ಒಂದು ವಾಕ್ಯ ಹೇಳಿ. ಹೇಳಲು ಬಂದರೆ ‘ಕೂಡಿತು’ ಗುಡ್ಡೆಗೆ. ಕಥೆ ಗೊತ್ತಿದ್ದೂ ಒಪ್ಪಿಗೆಯಾಗದಿದ್ದರೆ ‘ಕೂಡಲಿಲ್ಲ’ ಗುಡ್ಡೆಗೆ. ಕಥೆಯೇ ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ’ ಗುಡ್ಡೆಗೆ. ಮನಸ್ಸಿನಲ್ಲೇ ಹೇಳಿಕೊಂಡರೆ ಸಾಲದು. ಗೊತ್ತಿದೆ ಎಂಬ ಭ್ರಮೆ ಬಾಯಿಬಿಟ್ಟಾಗಲೇ ಹರಿಯುವುದು.

3. ‘ಗೊತ್ತಿಲ್ಲ’ ಗುಡ್ಡೆಯೇ ದೊಡ್ಡದಾಗಿದ್ದರೆ ಈಗಲೇ ಏನೂ ತೀರ್ಮಾನಿಸಬೇಡಿ. ಅದರಿಂದ ಮೂರು ಕಾರ್ಡು ಆರಿಸಿ, ಅವುಗಳ ಕಥೆ ಮಾತ್ರ ಓದಿ. ಉದಾಹರಣೆಗೆ, ಮ್ಯಾಥ್ಯೂಸ್ ಕಟ್ಟಿನ 13ನೇ ಕಾರ್ಡಿನಲ್ಲಿ ಕಡವಿನ ಬಳಿ ಬಟ್ಟೆ ಒಗೆಯುವ ಹೆಂಗಸಿದ್ದಾಳೆ. ಕೆಲ್ಟಿಕ್ ಜನಪದದಲ್ಲಿ ಅವಳು ಸಾಯಲಿರುವವರ ರಕ್ತದ ಬಟ್ಟೆ ಒಗೆಯುವವಳು. ಇಷ್ಟು ಗೊತ್ತಾದ ಮೇಲೆ ಮೃತ್ಯುವಿನ ಕಾರ್ಡು ಹೇಗೆ ಕಾಣುತ್ತದೆ ನೋಡಿ. ಓದಿದ ಮೇಲೆ ಇನ್ನಷ್ಟು ಓದುವ ಆಸೆ ಹುಟ್ಟಿದರೆ ಕಟ್ಟು ನಿಮ್ಮದು. ಓದುವುದೇ ಹೊರೆಯೆನಿಸಿದರೆ ಅದೂ ಒಂದು ಉತ್ತರವೇ.

4. ಪುಸ್ತಕ ಮುಚ್ಚಿಟ್ಟು ಸಂಖ್ಯೆಯ ಹತ್ತು ಕಾರ್ಡು ತೆಗೆಯಿರಿ. ಚಿತ್ರದಲ್ಲಿ ಏನು ನಡೆಯುತ್ತಿದೆ, ಹೊತ್ತು ಯಾವುದು, ಯಾರು ಎತ್ತ ನೋಡುತ್ತಿದ್ದಾರೆ ಎಂದು ಮಾತ್ರ ಹೇಳಿ. ಅರ್ಧಕ್ಕಿಂತ ಹೆಚ್ಚಿನವು ನಿಮ್ಮಿಂದ ಏನೂ ಹೊರಡಿಸದಿದ್ದರೆ ಇದು ನಿಮ್ಮ ದಿನಬಳಕೆಯ ಕಟ್ಟಲ್ಲ. ಓದಿನಲ್ಲಿ ಬರುವ ಕಾರ್ಡುಗಳಲ್ಲಿ ಹೆಚ್ಚಿನವು ಕಿರಿಯವೇ. 78ರಲ್ಲಿ 56 ಅವೇ ತಾನೇ.

5. ಆಸ್ಥಾನದ 16 ಕಾರ್ಡುಗಳನ್ನು ನಿಮ್ಮ ಬಳಗಕ್ಕೆ ಹೊಂದಿಸಿ. ಕಥೆಯ ಹೆಸರು ಮರೆತು, ನಿಮ್ಮ ಚಿಕ್ಕಪ್ಪನಂಥವರು, ನಿಮ್ಮ ಹಳೆಯ ಮೇಷ್ಟರಂಥವರು ಎಂದು ಹೇಳಲು ಬರುತ್ತದೆಯೇ ನೋಡಿ.

6. ಒಂದೇ ಪ್ರಶ್ನೆಗೆ ಎರಡು ಕಟ್ಟಿನಿಂದ ಮೂರು ಮೂರು ಕಾರ್ಡು ತೆಗೆದು ಅಕ್ಕಪಕ್ಕ ಇಡಿ. ಯಾವುದು ಒಳ್ಳೆಯ ಉತ್ತರ ಕೊಟ್ಟಿತು ಎಂದು ನೋಡಬೇಡಿ; ಯಾವುದು ನಿಮ್ಮಿಂದ ಒಳ್ಳೆಯ ಮರುಪ್ರಶ್ನೆ ಕೇಳಿಸಿತು ಎಂದು ನೋಡಿ.

7. ಸಂಜೆ ದೀಪದ ಬೆಳಕಿನಲ್ಲಿ, ಇನ್ನೊಬ್ಬರ ಎದುರು ಒಮ್ಮೆ ಓದಿ. ಜಲವರ್ಣದ ತೆಳುಬಣ್ಣ, ಕಾಡಿನ ಕತ್ತಲೆ ಹಗಲಲ್ಲಿ ಚೆಂದ. ಚಾಳೀಸು ದಾಟಿದ ಕಣ್ಣಿಗೆ ರಾತ್ರಿ ಹೊತ್ತು ಕಾಣದಿರಬಹುದು.

ಇಷ್ಟಾದ ಮೇಲೆ ಉತ್ತರ ಮೂರರಲ್ಲೊಂದಾಗುತ್ತದೆ: ಬಳಕೆಗೆ ಇಟ್ಟುಕೊಳ್ಳುವುದು, ನೋಡಲು–ಓದಲು ಇಟ್ಟುಕೊಳ್ಳುವುದು, ಕೊಟ್ಟುಬಿಡುವುದು. ‘ಕೂಡಲಿಲ್ಲ’ ಗುಡ್ಡೆ ದೊಡ್ಡದಾಗಿದ್ದು ನಾಲ್ಕನೇ ಹೆಜ್ಜೆಯಲ್ಲೂ ಮಾತು ಹೊರಡದಿದ್ದರೆ ಮೂರನೆಯದೇ ಸರಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಮೊದಲ ವಾರವೇ ತೀರ್ಪು ಕೊಡುವುದು: ವೇಟ್ ಕಟ್ಟಿಗೆ ಪಳಗಿದ ಕಣ್ಣಿಗೆ ಹೊಸದು ಅಪರಿಚಿತವಾಗಿ ಕಾಣುವುದು ಸಹಜ. ಅಪರಿಚಿತವಾದದ್ದೆಲ್ಲ ಹೊಂದದ್ದಲ್ಲ.

ಕಟ್ಟಿಗೆ ಶನಿ ಹಚ್ಚುವುದು: ಮೂರು ದಿನ ಕತ್ತಿಯ ಕಾರ್ಡುಗಳೇ ಬಂದರೆ ಕಟ್ಟಿಗೆ ದೋಷವಿದೆ ಎನ್ನುವವರಿದ್ದಾರೆ. ಸರಿಯಾಗಿ ಕಲಸಿಲ್ಲದಿರಬಹುದು, ಆಕಸ್ಮಿಕವೂ ಇರಬಹುದು. ಹೊಸ ಕಟ್ಟು ಬಣ್ಣದ ಪ್ರಕಾರ ಜೋಡಿಸಿಯೇ ಬರುತ್ತದೆ; ಮೊದಲ ಸಲ ನೆಲದ ಮೇಲೆ ಹರಡಿ ಚೆನ್ನಾಗಿ ಬೆರೆಸಬೇಕು.

ಪಾತ್ರದ ಕಥೆಯನ್ನು ಕೇಳಿದವರ ತಲೆಗೆ ಕಟ್ಟುವುದು: ಕಥೆಯ ಕಟ್ಟಿನ ದೊಡ್ಡ ಅಪಾಯವೇ ಇದು. ಗಂಡನ ಬಗ್ಗೆ ಕೇಳಿದಾಗ ಗ್ವಿನಿವಿಯರ್ ಬಂದಳೆಂದು, ಲ್ಯಾನ್ಸ್‌ಲಟ್ ಬಂದನೆಂದು ಆ ಮನೆಯಲ್ಲಿ ಮೂರನೆಯವರಿದ್ದಾರೆ ಎಂದು ಹೇಳಿಬಿಟ್ಟರೆ ಸಂಸಾರ ಕೆಡುತ್ತದೆ. ಕಾರ್ಡಿನ ಪಾತ್ರಕ್ಕೂ ಮನೆಯ ಮನುಷ್ಯರಿಗೂ ಸಂಬಂಧ ಹಚ್ಚಬೇಡಿ.

ಕೊಟ್ಟ ದುಡ್ಡಿಗಾಗಿ ಇಟ್ಟುಕೊಳ್ಳುವುದು: ಬೀರುವಿನಲ್ಲಿ ಕೂತ ಕಟ್ಟು ಆ ದುಡ್ಡನ್ನು ವಾಪಸು ತರುವುದಿಲ್ಲ.

ಕಂಡವರ ಕಟ್ಟುಕಟ್ಟಳೆ ನಂಬುವುದು: ಮೊದಲ ಕಟ್ಟು ಉಡುಗೊರೆಯಾಗಿಯೇ ಬರಬೇಕು, ಬಳಸಿದ್ದನ್ನು ಮಾರಬಾರದು, ಇನ್ನೊಬ್ಬರು ಮುಟ್ಟಬಾರದು ಎಂಬ ಮಾತುಗಳು ಓಡಾಡುತ್ತವೆ. ಶ್ರದ್ಧೆಯಿದ್ದವರು ಪಾಲಿಸಲಿ. ಆದರೆ ಹುಟ್ಟಿನಲ್ಲಿ ಟ್ಯಾರೋ ಹಲವರ ಕೈಗೆ ಹಂಚಿ ಆಡುತ್ತಿದ್ದ ಆಟ ಎಂಬುದು ನೆನಪಿರಲಿ.

ಎಚ್ಚರಿಕೆ

ಕಾಯಿಲೆಗೆ ವೈದ್ಯರು, ಕೋರ್ಟಿನ ವಿಷಯಕ್ಕೆ ವಕೀಲರು, ದುಡ್ಡಿನ ವಿಷಯಕ್ಕೆ ಲೆಕ್ಕ ಗೊತ್ತಿದ್ದವರು. ಕಟ್ಟು ಎಷ್ಟೇ ಒಗ್ಗಿದ್ದರೂ ಇವರ ಜಾಗಕ್ಕೆ ಅದನ್ನು ತರಬೇಡಿ. ಕಾರ್ಡಿನಲ್ಲಿ ಕೆಟ್ಟದ್ದು ಬಂದಿದೆ, ಪರಿಹಾರಕ್ಕೆ ಇಷ್ಟು ಕೊಡಿ ಎನ್ನುವವರ ಬಳಿ ಮತ್ತೆ ಹೋಗಬೇಡಿ.

ನಕಲಿ ಕಟ್ಟುಗಳಿವೆ. ಬೆಲೆ ಅನುಮಾನ ಬರುವಷ್ಟು ಕಡಿಮೆ, ಕಾರ್ಡು ಮೂಲದ್ದಕ್ಕಿಂತ ಚಿಕ್ಕದು, ಅಚ್ಚು ಮಸುಕು, ಪುಸ್ತಕದ ಬದಲು ಡಬ್ಬಿಯಲ್ಲೊಂದು ಕ್ಯೂಆರ್ ಕೋಡ್ ಇದ್ದರೆ ಜೋಪಾನ. ಅಂಥದ್ದನ್ನು ಓದಲಾಗದೆ ಕಟ್ಟೇ ಸರಿಯಿಲ್ಲ ಎಂದುಕೊಂಡವರಿದ್ದಾರೆ. ನಿಮ್ಮ ಬಳಿಯಿರುವುದು ನಕಲಿಯೆಂದು ಗೊತ್ತಾದರೆ ಅಸಲಿಯೆಂದು ಇನ್ನೊಬ್ಬರಿಗೆ ದಾಟಿಸಬೇಡಿ.

ನಿಮ್ಮ ಸ್ವಂತ ಪ್ರತಿ ಮಾರುವುದು ನಿಮ್ಮ ಹಕ್ಕು. ಆದರೆ ಜೊತೆಯ ಪುಸ್ತಕವನ್ನು ಸ್ಕ್ಯಾನ್ ಮಾಡಿ ಹಂಚುವುದು ಲೇಖಕರ ಹಕ್ಕಿಗೆ ಧಕ್ಕೆ.

ಕೊಡುವುದಾದರೆ ಹೀಗೆ ಕೊಡಿ

1. ಮುದ್ರಣ ನಿಂತಿದೆಯೇ ಮೊದಲು ವಿಚಾರಿಸಿ. ನಿಂತಿದ್ದರೆ ಮತ್ತೆ ಬೇಕೆನಿಸಿದಾಗ ದುಪ್ಪಟ್ಟು ತೆರಬೇಕಾದೀತು. ಅನುಮಾನವಿದ್ದರೆ ಡಬ್ಬಿಯ ಮೇಲೆ ಇವತ್ತಿನ ತಾರೀಖು ಬರೆದು ಒಂದು ವರ್ಷ ಎತ್ತಿಡಿ. ಅಷ್ಟರಲ್ಲಿ ಒಮ್ಮೆಯೂ ನೆನಪಾಗದಿದ್ದರೆ ಕೊಡಲು ಅಡ್ಡಿಯಿಲ್ಲ.

2. ಪುಸ್ತಕ, ಡಬ್ಬಿ, ಕಾರ್ಡು ಒಟ್ಟಿಗೇ ಕೊಡಿ. ಕಥೆಯ ಕಟ್ಟಿಗೆ ಪುಸ್ತಕವಿಲ್ಲದಿದ್ದರೆ ಪಡೆದವರಿಗೆ ಅರ್ಧ ಕಟ್ಟು ಕೊಟ್ಟಂತೆ.

3. ಮಾರುವಾಗ ಹಗಲ ಬೆಳಕಿನಲ್ಲಿ ಫೋಟೋ ತೆಗೆಯಿರಿ. ಮಡಿಚಿದ ಮೂಲೆ, ಪೆನ್ಸಿಲ್ ಗುರುತು, ಅಂಚು ಕತ್ತರಿಸಿದ್ದು ಇದ್ದರೆ ಮೊದಲೇ ಹೇಳಿ. ಅಗರಬತ್ತಿಯ ವಾಸನೆ ಹಿಡಿದಿದ್ದರೂ ಹೇಳಿ; ಕೆಲವರಿಗೆ ಆಗುವುದಿಲ್ಲ.

4. ಅಂಚೆಗೆ ಹಾಕುವಾಗ ಕಾರ್ಡುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಎರಡು ಕಡೆ ರಟ್ಟು ಕೊಟ್ಟು ಕಟ್ಟಿ. ಮಳೆಗಾಲದಲ್ಲಂತೂ ಮರೆಯಬೇಡಿ.

5. ಮಾರುವುದಕ್ಕಿಂತ ಅದಲುಬದಲು ಎಷ್ಟೋ ಸಲ ಮೇಲು. ಆರ್ಥರ್ ಕಥೆ ಬಲ್ಲವರು ಸಿಕ್ಕರೆ ಅವರ ಕೈಗೇ ಹೋಗಲಿ: ಇಂಗ್ಲಿಷ್ ಸಾಹಿತ್ಯ ಪಾಠ ಮಾಡುವವರು, ಕಥೆ ಹೇಳುವವರು, ಚಿತ್ರ ಕಲಿಯುವವರು.

6. ಕಾರ್ಡು ಕಳೆದ ಕಟ್ಟನ್ನು ಪೂರ್ತಿಯೆಂದು ಕೊಡಬೇಡಿ. ಉಳಿದ ಕಾರ್ಡುಗಳು ಪುಸ್ತಕದ ಗುರುತಿಗೆ, ಮಕ್ಕಳಿಗೆ ಕಥೆ ಕಟ್ಟಿಸುವ ಆಟಕ್ಕೆ ಆಗುತ್ತವೆ.

ಇಟ್ಟುಕೊಳ್ಳುವುದಾದರೆ

ಬಳಕೆಗೆಂದು ತೀರ್ಮಾನಿಸಿದ ಮೇಲೆ ಮತ್ತೆ ಮತ್ತೆ ವೇಟ್ ಕಟ್ಟಿನ ಅರ್ಥಕ್ಕೆ ತಾಳೆ ನೋಡುವುದನ್ನು ಬಿಡಿ. ಹಸಿರು ನೈಟ್ ಪರೀಕ್ಷಕನಾದರೆ ಈ ಕಟ್ಟಿನಲ್ಲಿ ಅವನು ಪರೀಕ್ಷಕನೇ. ಒಂದು ನೋಟ್‌ಪುಸ್ತಕದಲ್ಲಿ ಒಂದೊಂದು ಕಾರ್ಡಿಗೂ ಕಥೆಯ ಎರಡು ಸಾಲು, ನಿಮಗೆ ಹೊಳೆದ ಒಂದು ಪ್ರಶ್ನೆ ಬರೆದುಕೊಳ್ಳಿ. ಎದುರು ಕೂತವರಿಗೆ ಆರ್ಥರನ ಕಥೆಯನ್ನೆಲ್ಲ ಹೇಳಬೇಕಿಲ್ಲ. ಆ ಒಂದು ಪ್ರಶ್ನೆ ಸಾಕು.

ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಜೋಪಾನವಾಗಿರಬೇಕು. ತೇವ ಹಿಡಿದ ಕಾರ್ಡು ಬಾಗುತ್ತದೆ, ಒಂದಕ್ಕೊಂದು ಅಂಟುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣವಿಟ್ಟು, ಗೋಡೆಗೆ ತಾಗದ ಕಡೆ ಇಡಿ. ಬಾಗಿದ್ದನ್ನು ಬಿಸಿಲಿಗೆ ಒಣಗಿಸಬೇಡಿ, ಬಣ್ಣ ಹೋಗುತ್ತದೆ. ದಪ್ಪ ಪುಸ್ತಕಗಳ ಕೆಳಗೆ ಕೆಲವು ದಿನ ಒತ್ತಿಡಿ. ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ.

ಕೊನೆಯದಾಗಿ, ಚೆಂದ ಎಂಬ ಕಾರಣ ಕಟ್ಟನ್ನು ಕೊಳ್ಳಲು ಸಾಕು; ಬಳಕೆಗೆ ಇಟ್ಟುಕೊಳ್ಳಲು ಸಾಲದು. ಅರ್ಥವಾಗಲಿಲ್ಲ ಎಂಬ ಕಾರಣ ಪುಸ್ತಕ ತೆರೆಯಲು ಸಾಕು, ಕೊಟ್ಟುಬಿಡಲು ಸಾಲದು. ಕಥೆ ತಿಳಿದ ಮೇಲೂ ಕಾರ್ಡು ನಿಮ್ಮಿಂದ ಮಾತು ಹೊರಡಿಸದಿದ್ದರೆ ಅದು ಬೇರೆಯವರ ಕಟ್ಟು. ತಡಮಾಡದೆ, ಪುಸ್ತಕದ ಸಮೇತ, ಅವರಿಗೆ ಕೊಟ್ಟುಬಿಡಿ.